ಕನ್‌ಸ್ಟ್ರಕ್ಟರ್ ಎರಡು ಸಲ ಓಡಿತೇಕೆ?

ಪ್ರಶ್ನೆ: ವೈಲ್ಡ್‌ಫ್ಲೈ ಸರ್ವರ್‌ನಲ್ಲಿರುವ ನಮ್ಮ ಜಾವಾ ಅಪ್ಲಿಕೇಶನ್‌ನಲ್ಲಿ ಅಪ್ಲಿಕೇಶನ್‌ಸ್ಕೋಪ್ಡ್ (ಇಡೀ ಅಪ್ಲಿಕೇಶನ್‌ಗೆ ಒಂದೇ) ಎಂದು ಗುರುತಿಸಿದ ಒಂದು ಬೀನ್, ಅಂದರೆ ಸರ್ವರೇ ಸೃಷ್ಟಿಸಿ ನಿರ್ವಹಿಸುವ ಆಬ್ಜೆಕ್ಟ್, ಇದೆ. ಅದರ ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡಿನಲ್ಲಿ) ಬರೆದ ಸಾಲು ಲಾಗ್‌ನಲ್ಲಿ ಎರಡು ಸಲ ಕಾಣಿಸುತ್ತದೆ. ಅದೇ ಕನ್‌ಸ್ಟ್ರಕ್ಟರ್‌ನಲ್ಲಿ ಇಂಜೆಕ್ಟ್ ಮಾಡಿದ (ಸರ್ವರೇ ಬೇರೆ ಬೀನ್ ತಂದು ತುಂಬಬೇಕಾದ) ಫೀಲ್ಡನ್ನು ಬಳಸಹೋದರೆ ಅದು ನಲ್, ಅಂದರೆ ಖಾಲಿ, ಆಗಿರುತ್ತದೆ. ಒಂದೇ ಇರಬೇಕಾದ ಬೀನ್ ಎರಡಾಗಿದೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎರಡಾಗಿಲ್ಲ. ಬೀನನ್ನು ಹುಡುಕಿ ಗೊತ್ತುಮಾಡುವುದು ಒಂದು ಹೊತ್ತಿನಲ್ಲಿ, ಅದನ್ನು ಸೃಷ್ಟಿಸುವುದು ಇನ್ನೊಂದು ಹೊತ್ತಿನಲ್ಲಿ ನಡೆಯುವುದರಿಂದ ಹೀಗೆ ತೋರುತ್ತದೆ.

2009ರಲ್ಲಿ ಜಾವಾ ಇಇ 6ರೊಂದಿಗೆ ಬಂದ ಸಿಡಿಐ ವ್ಯವಸ್ಥೆಯಲ್ಲಿ (ಬೀನ್‌ಗಳನ್ನು ಸೃಷ್ಟಿಸಿ ಒಂದಕ್ಕೊಂದು ಜೋಡಿಸುವ ಏರ್ಪಾಡಿನಲ್ಲಿ), ಅಪ್ಲಿಕೇಶನ್ ಸರ್ವರ್‌ಗೆ ಡಿಪ್ಲಾಯ್ ಆಗುವಾಗಲೇ ಕಂಟೇನರ್ (ಬೀನ್‌ಗಳನ್ನು ನಿರ್ವಹಿಸುವ ಸರ್ವರ್‌ನ ಭಾಗ) ಕ್ಲಾಸುಗಳನ್ನು ಶೋಧಿಸಿ, ಇಂಜೆಕ್ಟ್ ಎಂದು ಬರೆದ ಪ್ರತಿ ಜಾಗಕ್ಕೂ ಯಾವ ಬೀನ್ ಹೊಂದುತ್ತದೆ ಎಂಬುದನ್ನು ಟೈಪ್ ಮತ್ತು ಕ್ವಾಲಿಫೈಯರ್ (ಒಂದೇ ಟೈಪಿನ ಬೀನ್‌ಗಳನ್ನು ಬೇರ್ಪಡಿಸುವ ಗುರುತು) ನೋಡಿ ನಿಶ್ಚಯಿಸುತ್ತದೆ. ಹೊಂದುವ ಬೀನ್ ಸಿಗದಿದ್ದರೆ, ಅಥವಾ ಎರಡು ಸಿಕ್ಕಿ ಯಾವುದೆಂದು ತೀರ್ಮಾನಿಸಲಾಗದಿದ್ದರೆ, ಡಿಪ್ಲಾಯ್‌ಮೆಂಟ್ ಅಲ್ಲಿಯೇ ನಿಂತುಬಿಡುತ್ತದೆ. ಇಷ್ಟಾದರೂ ನಿಮ್ಮ ಆಬ್ಜೆಕ್ಟ್ ಇನ್ನೂ ಹುಟ್ಟಿರುವುದಿಲ್ಲ.

ಅಪ್ಲಿಕೇಶನ್, ಸೆಷನ್, ರಿಕ್ವೆಸ್ಟ್ ಸ್ಕೋಪ್‌ಗಳ (ಬೀನ್ ಬದುಕುವ ಅವಧಿಗಳ) ಬೀನನ್ನು ಕೇಳಿದವರಿಗೆ ಕಂಟೇನರ್ ನೇರವಾಗಿ ಬೀನನ್ನು ಕೊಡದೆ, ನಿಮ್ಮ ಕ್ಲಾಸಿನ ಸಬ್‌ಕ್ಲಾಸ್ ಆಗಿ ತಾನೇ ರಚಿಸಿದ ಒಂದು ಪ್ರಾಕ್ಸಿಯನ್ನು (ಕರೆಗಳನ್ನು ನಿಜವಾದ ಬೀನ್‌ಗೆ ದಾಟಿಸುವ ಪ್ರತಿನಿಧಿಯನ್ನು) ಕೊಡುತ್ತದೆ. ಸಬ್‌ಕ್ಲಾಸಿನ ಆಬ್ಜೆಕ್ಟ್ ಹುಟ್ಟುವಾಗ ಸೂಪರ್‌ಕ್ಲಾಸಿನ ಕನ್‌ಸ್ಟ್ರಕ್ಟರ್ ಓಡಲೇಬೇಕಷ್ಟೆ. ಲಾಗ್‌ನ ಮೊದಲ ಸಾಲು ಅಲ್ಲಿಂದ ಬಂದದ್ದು. ಪ್ರಾಕ್ಸಿಯ ಮೇಲೆ ಯಾರಾದರೂ ಮೊದಲ ಬಾರಿ ಮೆಥಡ್ ಕರೆದಾಗ ನಿಜವಾದ ಬೀನ್ ಹುಟ್ಟಿ, ಎರಡನೆಯ ಸಾಲು ಮೂಡುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲಿ ಆಬ್ಜೆಕ್ಟಿನ ಕ್ಲಾಸ್ ಹೆಸರನ್ನೂ ಮುದ್ರಿಸಿ ನೋಡಿ: ವೈಲ್ಡ್‌ಫ್ಲೈ ಬಳಸುವ ಸಿಡಿಐ ಅನುಷ್ಠಾನ ವೆಲ್ಡ್ ಆದ್ದರಿಂದ, ಒಂದು ಹೆಸರಿನ ಬಾಲದಲ್ಲಿ ವೆಲ್ಡ್‌ಕ್ಲೈಂಟ್‌ಪ್ರಾಕ್ಸಿ ಎಂದಿರುತ್ತದೆ. ಇದನ್ನು ಸರ್ವರ್‌ನ ದೋಷವೆಂದು ಬಗೆದು ಸರ್ವರನ್ನೇ ಬದಲಿಸಲು ಹೊರಟವರನ್ನು ನಾನು ಕಂಡಿದ್ದೇನೆ. ಇಂಥ ಬೀನ್‌ನ ಕ್ಲಾಸ್ ಫೈನಲ್ (ಸಬ್‌ಕ್ಲಾಸ್ ಮಾಡಲಾಗದ್ದು) ಆಗಿರಬಾರದು, ಅದಕ್ಕೆ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಇರಬೇಕು ಎಂಬ ನಿಯಮಗಳ ಮೂಲವೂ ಈ ಪ್ರಾಕ್ಸಿಯೇ. ಡಿಪೆಂಡೆಂಟ್ ಸ್ಕೋಪಿನ (ಕೇಳಿದ ಪ್ರತಿ ಜಾಗಕ್ಕೂ ಹೊಸದಾಗಿ ಹುಟ್ಟುವ) ಬೀನ್‌ಗೆ ಇಂಥ ಪ್ರಾಕ್ಸಿ ಇಲ್ಲ.

ಇನ್ನು ನಲ್‌ನ ವಿಚಾರ. ಕಂಟೇನರ್ ಮೊದಲು ಕನ್‌ಸ್ಟ್ರಕ್ಟರನ್ನು ಓಡಿಸಿ, ಬಳಿಕ ಫೀಲ್ಡುಗಳನ್ನು ತುಂಬಿ, ಕೊನೆಗೆ ಪೋಸ್ಟ್‌ಕನ್‌ಸ್ಟ್ರಕ್ಟ್ ಎಂದು ಗುರುತಿಸಿದ ಮೆಥಡನ್ನು ಕರೆಯುತ್ತದೆ. ಆದ್ದರಿಂದ ಆರಂಭದ ಸಿದ್ಧತೆಯನ್ನೆಲ್ಲ ಆ ಮೆಥಡ್‌ಗೆ ಸಾಗಿಸಿ. ಅಲ್ಲಿಯೂ ಕೆಲಸವಾಗದಿದ್ದರೆ, ಕೋಡಿನಲ್ಲಿ ಎಲ್ಲಿಯಾದರೂ ಆ ಕ್ಲಾಸನ್ನು ನ್ಯೂ ಎಂದು ನೀವೇ ಸೃಷ್ಟಿಸಿದ್ದೀರಾ ಎಂದು ಹುಡುಕಿ. ಹಾಗೆ ಹುಟ್ಟಿದ ಆಬ್ಜೆಕ್ಟಿನ ಸುದ್ದಿಯೇ ಕಂಟೇನರ್‌ಗೆ ತಿಳಿಯದು. ಫೀಲ್ಡ್ ತುಂಬುವುದಿಲ್ಲ, ಪೋಸ್ಟ್‌ಕನ್‌ಸ್ಟ್ರಕ್ಟ್ ಓಡುವುದಿಲ್ಲ, ಕಂಪೈಲರ್ ಚಕಾರವೆತ್ತುವುದಿಲ್ಲ.