ಎರಡೇ ಮಾತಿನ ಪಾತ್ರ

ಪ್ರಶ್ನೆ: ನಮ್ಮದು ಮದ್ದೂರು ಹತ್ತಿರದ ಹಳ್ಳಿ. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ತಮ್ಮನಿಗೆ 18 ವರ್ಷ, ಸ್ವಲ್ಪ ತೊದಲುತ್ತಾನೆ. ಸೆಕೆಂಡ್ ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಹೋಯಿತು. ಆಮೇಲೆ ಮನೆಗೆ ಯಾರು ಬಂದರೂ ಹಿತ್ತಲಿಗೆ ಹೋಗಿಬಿಡುತ್ತಿದ್ದ. ಮೂರು ತಿಂಗಳಿಂದ ಮಂಡ್ಯದ ಒಂದು ಯುವಕರ ನಾಟಕ ತಂಡಕ್ಕೆ ಸಂಜೆ ಹೋಗುತ್ತಿದ್ದಾನೆ. ಮೊನ್ನೆ ಸೋದರತ್ತೆ ಬಂದಾಗ ತಾನೇ ನೀರು ತಂದುಕೊಟ್ಟು ಮಾತಾಡಿಸಿದ. ಆದರೆ ಅಪ್ಪನಿಗೆ ಟ್ಯೂಷನ್ ಅಂತ ಸುಳ್ಳು ಹೇಳಿದ್ದೇವೆ. ಬಸ್ ಚಾರ್ಜ್ ನಾನೇ ಕೊಡುತ್ತೇನೆ. ಅಪ್ಪ ಹಿಂದೆ ಊರಿನ ಕುರುಕ್ಷೇತ್ರ ನಾಟಕದಲ್ಲಿ ಭೀಮನ ಪಾರ್ಟು ಮಾಡಲು ಸಾಲ ಮಾಡಿದ್ದರಂತೆ. ಈಗ ನಾಟಕ ಅಂದರೆ ಉರಿದು ಬೀಳುತ್ತಾರೆ. ಇಷ್ಟೆಲ್ಲ ಮಾಡಿ ತಮ್ಮನಿಗೆ ಸಿಕ್ಕಿರುವುದು ಎರಡೇ ಮಾತಿನ ಪಾತ್ರ. ಉಳಿದಂತೆ ಕುರ್ಚಿ ಎತ್ತಿಡುವ ಕೆಲಸ. ಇದರಿಂದ ಧೈರ್ಯ ಬರುತ್ತದಾ? ಬಿಡಿಸಲಾ, ಅಪ್ಪನಿಗೆ ಹೇಳಲಾ?

ಉತ್ತರ: ಬಿಡಿಸಬೇಡಿ. ಅಪ್ಪನಿಗೆ ಹೇಳಿ. ಎರಡೂ ಆಗಬೇಕು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು 'ಹಿತ್ತಲಿಗೆ ಹೋಗಿಬಿಡುತ್ತಿದ್ದ' ಅನ್ನುವ ಕಡೆ. 'ಹೋಗಿಬಿಡುತ್ತಾನೆ' ಅಂತ ನೀವು ಬರೆದಿಲ್ಲ. ಅತ್ತೆಗೆ ನೀರು ಕೊಟ್ಟು ಎದುರಿಗೆ ನಿಂತನಲ್ಲ, ಆ ಧೈರ್ಯದ ಬಗ್ಗೆಯೇ ನೀವು ಕೇಳುತ್ತಿರುವುದು. ಅದು ಆಗಲೇ ಬರುತ್ತಿದೆ.

ಕುರ್ಚಿ ಎತ್ತಿಡುವುದು ಸಣ್ಣ ಕೆಲಸ ಅಂತ ನಿಮಗೆ ಬೇಜಾರಾಗಿದೆ. ನಾನು ಮೈಸೂರಿನಲ್ಲಿ ಎಷ್ಟೋ ಸಂಜೆ ರಿಹರ್ಸಲ್ ನೋಡುತ್ತಾ ಕೂತಿದ್ದೇನೆ. ದೃಶ್ಯ ಬದಲಾಗುವಾಗ ದೀಪ ಆರುತ್ತದೆ. ಆ ಕತ್ತಲಲ್ಲಿ ಹತ್ತು ಎಣಿಸುವಷ್ಟರಲ್ಲಿ ಕುರ್ಚಿ ಬರಬೇಕು. ನೆಲಕ್ಕೆ ಅಂಟಿಸಿದ ಟೇಪಿನ ಗುರುತಿನ ಮೇಲೆ ಸದ್ದಾಗದಂತೆ ಕೂರಬೇಕು. ಒಂದು ಗೇಣು ಆಚೀಚೆಯಾದರೂ ದೀಪ ಹತ್ತಿದಾಗ ಅದರಲ್ಲಿ ಕೂತವನ ಮುಖ ಕತ್ತಲಲ್ಲೇ ಉಳಿಯುತ್ತದೆ. ಹಾಗಾಗಿ ಕುರ್ಚಿ ಇಡುವ ಹುಡುಗ ಒಂದು ದಿನ ಬರದಿದ್ದರೆ ಇಡೀ ತಂಡ ಕೆಲಸ ನಿಲ್ಲಿಸಿ 'ಅವನೆಲ್ಲಿ?' ಅಂತ ಕೇಳುತ್ತದೆ. ಫೇಲಾದ ಮೇಲೆ ನಿಮ್ಮ ತಮ್ಮನನ್ನು ಯಾರಾದರೂ ಹಾಗೆ ಹುಡುಕಿದ್ದರಾ? ಆ ವಯಸ್ಸಿನ ಮಕ್ಕಳಿಗೆ ಚಪ್ಪಾಳೆಗಿಂತ ಜಾಸ್ತಿ ಬೇಕಾಗಿರುವುದು ಇದೇ ಅಂತ ನನಗನ್ನಿಸಿದೆ.

ಅಲ್ಲಿ ತಪ್ಪಿದರೆ 'ಇನ್ನೊಂದು ಸಲ' ಅನ್ನುತ್ತಾರೆ, ಅಷ್ಟೇ. ಅದೇ ಮಾತನ್ನು ಇಪ್ಪತ್ತು ಸಲ ಹೇಳಿಸುತ್ತಾರೆ. ಮಾರ್ಕ್ಸ್ ಹಾಕಿ ಕಳಿಸುವುದಿಲ್ಲ. ಎರಡೇ ಮಾತಾದರೂ ಕೊನೆಯ ಸಾಲಿನಲ್ಲಿ ಕೂತವರಿಗೆ ಕೇಳಬೇಕು. ಅದಕ್ಕೆ ಉಸಿರನ್ನು ಹೊಟ್ಟೆಯಿಂದ ತೆಗೆಯಬೇಕು, ತಲೆ ಎತ್ತಬೇಕು. ತಲೆ ತಗ್ಗಿಸಿ ಓಡಾಡುತ್ತಿದ್ದ ಹುಡುಗನಿಗೆ ಇದು ಸಣ್ಣ ಪಾಠ ಅಲ್ಲ.

ಮೈಸೂರಿನ ರಂಗಾಯಣ ನಾಟಕ ಸಂಸ್ಥೆಯಲ್ಲಿ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟಿಮನಿ ಅವರು ಜೈಲಿನ ಕೈದಿಗಳಿಗೆ ನಾಟಕ ಕಲಿಸಿದವರು. ಆ ಕೈದಿಗಳನ್ನು ಹೊರಗಿನ ರಂಗಮಂದಿರಕ್ಕೇ ಕರೆತಂದು ಜನರ ಮುಂದೆ ಆಡಿಸಿದರು. ಇವರಿಂದ ಇನ್ನೇನಾಗುತ್ತದೆ ಅಂತ ಊರು ಕೈಬಿಟ್ಟವರೇ ಅಲ್ಲಿ ರಾಜ, ಮಂತ್ರಿ ಆಗಿ ನಿಂತರು. ಎರಡು ಸಬ್ಜೆಕ್ಟ್ ಹೋದ ಹುಡುಗನನ್ನು ನಾವು ಅಷ್ಟು ಬೇಗ ಕೈಬಿಡಬಹುದಾ?

ತೊದಲುವ ಬಗ್ಗೆ ಒಂದು ಮಾತು. ಎಲ್ಲರ ಜೊತೆ ಒಟ್ಟಿಗೆ ಹೇಳುವಾಗ, ಹಾಡುವಾಗ ತೊದಲು ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಅದರಿಂದ ಖುಷಿಪಡಿ, ಆದರೆ ಪೂರ್ತಿ ಹೋಯಿತು ಅಂದುಕೊಳ್ಳಬೇಡಿ. ನಾಟಕ ಔಷಧಿ ಅಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಮಾತು, ಕಿವಿಯ ತೊಂದರೆ ನೋಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮದ್ದೂರಿನಿಂದ ರೈಲು ಹತ್ತಿ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ಮುಂದೆ ಯಾವಾಗಲಾದರೂ ಅವನು ಊಟ, ನಿದ್ದೆ ಬಿಟ್ಟು ಮಂಕಾದರೆ ಕಾಯುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅಪ್ಪ. ಅವರ ಸಿಟ್ಟು ಸುಮ್ನೆ ಬಂದದ್ದಲ್ಲ. ನಮ್ಮ ಕಡೆ ಪೌರಾಣಿಕ ನಾಟಕ ಅಂದರೆ ಪಾರ್ಟು ತಗೊಂಡವರೇ ದುಡ್ಡು ಹಾಕಬೇಕು. ಡ್ರಾಮಾ ಮೇಷ್ಟ್ರು, ಸೀನರಿ, ಡ್ರೆಸ್ಸು ಎಲ್ಲದರ ಖರ್ಚೂ ಅವರ ತಲೆಗೇ. ಭೀಮನ ಪಾರ್ಟು ಅಂದಮೇಲೆ ಕೇಳಬೇಕಾ? ಮಗನೂ ಅದೇ ಹಳ್ಳಕ್ಕೆ ಬೀಳುತ್ತಾನೆ ಅನ್ನುವ ಭಯ ಅವರದು. ತಂಡದವರು ದುಡ್ಡು ಕೇಳುತ್ತಾರಾ, ಕೇಳಿದರೆ ಎಷ್ಟು ಅಂತ ಮೊದಲು ನೀವು ವಿಚಾರಿಸಿಕೊಳ್ಳಿ. ಅಪ್ಪನಿಗೆ ಲೆಕ್ಕ ಸಮೇತ ಹೇಳಿ. ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆಯಲ್ಲ, ಅದರಲ್ಲಿ ಯಾವುದಕ್ಕೆ ಕೂರುತ್ತಾನೆ ಅಂತ ತಮ್ಮನೇ ತೀರ್ಮಾನಿಸಲಿ. ಪರೀಕ್ಷೆಗೆ ಮುಂಚಿನ ಕೆಲವು ವಾರ ರಿಹರ್ಸಲ್‌ನಿಂದ ಬಿಡುವು ಕೇಳಲಿ. ಒಳ್ಳೆಯ ನಿರ್ದೇಶಕರು ಇಲ್ಲ ಅನ್ನುವುದಿಲ್ಲ.

ಸುಳ್ಳು ಮಾತ್ರ ಇನ್ನು ಬೇಡ. ಮೂರು ತಿಂಗಳು ನಡೆಯಿತು, ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅಪ್ಪನಿಗೆ ಹೇಳಿಯೇ ಹೇಳುತ್ತಾರೆ. ಸಂಜೆ ತಲೆ ಎತ್ತಿ ನಿಲ್ಲುವುದನ್ನು ಕಲಿತ ಹುಡುಗ ರಾತ್ರಿ ಮನೆ ಬಾಗಿಲಲ್ಲಿ ಮತ್ತೆ ತಲೆ ತಗ್ಗಿಸುವ ಹಾಗಾಗಬಾರದು.

ಊಟ ಆದಮೇಲೆ, ಅಪ್ಪ ಜಗಲಿಯಲ್ಲಿ ಒಬ್ಬರೇ ಇರುವ ಹೊತ್ತು ನೋಡಿ. ವಿಷಯವನ್ನು ತಮ್ಮನೇ ಹೇಳಲಿ, ನೀವು ಪಕ್ಕದಲ್ಲಿ ಕೂತಿರಿ. ಬಸ್ ಚಾರ್ಜ್ ಕೊಟ್ಟಿದ್ದು ನಾನೇ ಅಂತ ನಿಮ್ಮ ಪಾಲಿನದು ನೀವು ಹೇಳಿ. ಅಪ್ಪ ಬೈದರೆ ಬೈಸಿಕೊಳ್ಳಿ. ಆಮೇಲೆ ಒಂದು ಸಂಜೆ ರಿಹರ್ಸಲ್‌ಗೆ ಬನ್ನಿ ಅಂತ ಕರೆಯಿರಿ. ಒಂದು ಕಾಲಕ್ಕೆ ಗದೆ ಹಿಡಿದು ಕುಣಿದವರು, ಬಂದರೂ ಬರಬಹುದು. ತಮ್ಮ ಹೇಳುವಾಗ ಮಧ್ಯೆ ಮಾತು ಸಿಕ್ಕಿಹಾಕಿಕೊಂಡರೆ ನೀವು ತುಂಬಿಸಿ ಹೇಳಲು ಹೋಗಬೇಡಿ. ಅವನ ಮುಖ ನೋಡುತ್ತಾ ಕಾಯಿರಿ, ಅವನೇ ಮುಗಿಸುತ್ತಾನೆ.