ಒಣ ಎಲ್ಡರ್‌ಬೆರಿ ನೆನೆಸಿ ತಿನ್ನಬಹುದಾ?

ಪ್ರಶ್ನೆ: ಅಮೆರಿಕದಿಂದ ಬಂದ ಮಗಳು ಒಂದು ಪ್ಯಾಕೆಟ್ ಒಣಗಿಸಿದ ಎಲ್ಡರ್‌ಬೆರಿ ತಂದಿದ್ದಾಳೆ. ಶೀತ, ಫ್ಲೂಗೆ ಒಳ್ಳೆಯದಂತೆ. ಒಣದ್ರಾಕ್ಷಿ ಥರ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಎಲ್ಲರಿಗೂ ಕೊಡೋಣ ಅಂತಿದ್ದೇನೆ. ಮನೆಯಲ್ಲಿ 10 ತಿಂಗಳ ಮೊಮ್ಮಗು ಇದೆ. ಯಜಮಾನರು ಕೀಲುವಾತಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ತುರಹಳ್ಳಿ ಕಾಡಿನ ಕಡೆ ವಾಕಿಂಗ್ ಹೋದಾಗ ಇಂಥದ್ದೇ ಕಪ್ಪು ಹಣ್ಣಿನ ಗೊಂಚಲು ನೋಡಿದೆ, ಅದೂ ಆಗುತ್ತಾ?
– ಓದುಗರು, ಬನಶಂಕರಿ, ಬೆಂಗಳೂರು

ಉತ್ತರ: ದಯವಿಟ್ಟು ನೆನೆಸಿ ಕೊಡಬೇಡಿ. ಒಣದ್ರಾಕ್ಷಿಯನ್ನು ಹಾಗೇ ಬಾಯಿಗೆ ಹಾಕಿಕೊಳ್ಳಬಹುದು, ಇದನ್ನು ಹಾಗೆ ತಿನ್ನುವಂತಿಲ್ಲ. ಬೇಯಿಸದ ಹಣ್ಣಿನಲ್ಲಿ, ಅದರ ಬೀಜದಲ್ಲಿ, ಎಲೆ ಮತ್ತು ಕಡ್ಡಿಯಲ್ಲಂತೂ ಇನ್ನೂ ಜಾಸ್ತಿ, ಹೊಟ್ಟೆಗೆ ಹೋದ ಮೇಲೆ ಸಯನೈಡ್ ಬಿಡುವ ಅಂಶ ಇರುತ್ತದೆ. ವಾಂತಿ, ಭೇದಿ, ತಲೆಸುತ್ತು ಶುರುವಾಗುತ್ತದೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದಷ್ಟು ಜನ ಕಾಡು ಎಲ್ಡರ್‌ಬೆರಿಯನ್ನು ಎಲೆ, ಕಡ್ಡಿ ಸಮೇತ ಜಜ್ಜಿ ಹಸಿ ರಸ ಕುಡಿದರು. ಎಂಟು ಜನರನ್ನು ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು.

ಚೆನ್ನಾಗಿ ಕುದಿಸಿದರೆ ಈ ಭಯ ಇಲ್ಲ. ಮಾಡುವುದು ನಮ್ಮ ಕಷಾಯದ ಹಾಗೇ. ಅಕ್ಕಿ ಆರಿಸುವಂತೆ ತೊಟ್ಟು, ಕಡ್ಡಿ ಎಲ್ಲ ಆರಿಸಿ ಬಿಸಾಡಿ. ಅರ್ಧ ಕಪ್ ಹಣ್ಣಿಗೆ 2 ಕಪ್ ನೀರು, ಒಂದು ಚೂರು ಶುಂಠಿ, ಎರಡು ಲವಂಗ, ಬೇಕಿದ್ದರೆ ಚಕ್ಕೆ. ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚದೆ, 40–45 ನಿಮಿಷ ಕುದಿಸಿ, ನೀರು ಅರ್ಧಕ್ಕೆ ಇಳಿಯಬೇಕು. ಬಟ್ಟೆಯಲ್ಲಿ ಸೋಸಿ ಚರಟ ಬಿಸಾಡಿ. ಉಗುರುಬೆಚ್ಚಗಾದ ಮೇಲೆ ಅರ್ಧ ಕಪ್ ಜೇನು ಬೆರೆಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಎರಡು ವಾರದೊಳಗೆ ಮುಗಿಸಿ. ನೊರೆ ಬಂದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ, ಪಾಪ ಮಗಳು ಅಷ್ಟು ದೂರದಿಂದ ತಂದಿದ್ದು ಅಂತ ಉಳಿಸಿಕೊಳ್ಳಬೇಡಿ.

ಮೊಮ್ಮಗುವಿಗೆ ಬೇಡವೇ ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸುವುದೂ ಅಪಾಯ, ಬೊಟುಲಿಸಂ ಅನ್ನುವ ಕಾಯಿಲೆ ಬರಬಹುದು. ಯಜಮಾನರ ಮಾತ್ರೆ ಮೆಥೊಟ್ರೆಕ್ಸೇಟ್ ಥರದ್ದು, ಅಂದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥದ್ದು ಆಗಿದ್ದರೆ, ಅವರ ಡಾಕ್ಟರನ್ನು ಕೇಳದೆ ಒಂದು ಚಮಚವನ್ನೂ ಕೊಡಬೇಡಿ. ನಿಮಗೆ, ಮಗಳಿಗೆ ದಿನಕ್ಕೆ ಒಂದೆರಡು ಚಮಚ ಸಾಕು.

ಗುಣ ಎಷ್ಟು ಅಂತೀರಾ? ಶೀತ ಸ್ವಲ್ಪ ಬೇಗ ಇಳಿಯುತ್ತದೆ ಅಂತ ಕೆಲವು ಸಣ್ಣ ಪರೀಕ್ಷೆಗಳಲ್ಲಿ ಕಂಡಿದೆ. ಆದರೆ 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ, ಫ್ಲೂ ಬಂದವರಿಗೆ ಇದನ್ನು ಕೊಟ್ಟರೂ ಕೊಡದಿದ್ದರೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಗಂಟಲಿಗೆ ಹಿತ ಅಂತ ಕುಡಿಯಿರಿ, ಜ್ವರ ಮೂರು ದಿನವಾದರೂ ಬಿಡದಿದ್ದರೆ ಇದನ್ನೇ ನಂಬಿಕೊಂಡು ಕೂರಬೇಡಿ. ಮಗುವಿಗೆ ಜ್ವರ ಬಂದರಂತೂ ಅಷ್ಟು ದಿನವೂ ಕಾಯಬೇಡಿ.

ಇನ್ನು ತುರಹಳ್ಳಿಯ ಗೊಂಚಲು. ನೀವು ನೋಡಿದ್ದು ಲಂಟಾನ ಇರಬೇಕು, ಅಲ್ಲಿ ಅದರದೇ ಪೊದೆ. ಲಂಟಾನದ ಹಸಿರು ಕಾಯಿ ವಿಷ. ಎಲ್ಡರ್‌ಬೆರಿ ಯುರೋಪ್, ಅಮೆರಿಕದ ತಂಪು ಕಡೆಯ ಗಿಡ. ಆ ಗೊಂಚಲನ್ನು ಕಿತ್ತು ಮನೆಗೆ ತರಬೇಡಿ.