ಸಂಧಿವಾತದ ಮಾತ್ರೆಯಿಂದ ಲಿಂಫೋಮಾ ಬರುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 54 ವರ್ಷ. ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೆ 15 ಮಿ.ಗ್ರಾಂ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದಾರೆ. ಅದರಿಂದ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಬರುತ್ತದೆಂದು ಯಾರೋ ಹೆದರಿಸಿದ್ದಾರೆ. ನಿಲ್ಲಿಸಬೇಕೇ?
– ಓದುಗರು, ಹಾವೇರಿ

ಉತ್ತರ: ನೀವಾಗಿ ನಿಲ್ಲಿಸಬೇಡಿ. ಈ ಕಾಯಿಲೆ ಇರುವವರಲ್ಲಿ ಲಿಂಫೋಮಾ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು, ನಿಜ. ಆದರೆ ಮೂಲದಲ್ಲೇ ಅಪರೂಪದ ರೋಗವಾದ್ದರಿಂದ ದುಪ್ಪಟ್ಟಾದರೂ ಅದು ಸಣ್ಣ ಸಂಖ್ಯೆಯೇ. ಮುಖ್ಯ ಕಾರಣ ಮಾತ್ರೆಗಿಂತ ಹೆಚ್ಚಾಗಿ ಹತೋಟಿಗೆ ಬಾರದ ಉರಿಯೂತ. ರೋಗನಿರೋಧಕ ವ್ಯವಸ್ಥೆ ವರ್ಷಗಟ್ಟಲೆ ಕೆರಳಿದ್ದರೆ ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ವಿಭಜಿಸುತ್ತಲೇ ಇರುತ್ತವೆ. ಪ್ರತಿ ವಿಭಜನೆಯೂ ಡಿಎನ್‌ಎ ತಪ್ಪಿಗೆ ಅವಕಾಶ. 2006ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲೂ ಅಪಾಯ ಕಂಡದ್ದು ರೋಗ ದೀರ್ಘಕಾಲ ತೀವ್ರವಾಗಿದ್ದವರಲ್ಲೇ.

ಮಾತ್ರೆಯದು ಪೂರ್ತಿ ನಿರಪರಾಧಿ ಪಾತ್ರವಲ್ಲ. ಕೆಲವರಲ್ಲಿ, ಹಲವು ಬಾರಿ ಎಪ್‌ಸ್ಟೈನ್-ಬಾರ್ ವೈರಸ್ (ಬಹುತೇಕರ ದೇಹದಲ್ಲಿ ಸದ್ದಿಲ್ಲದೆ ಇರುವ ವೈರಸ್) ಜೊತೆಗೂಡಿ, ಲಿಂಫೋಮಾದಂಥ ಗಂಟು ಬರುವುದುಂಟು; ಮೆಥೊಟ್ರೆಕ್ಸೇಟ್ ನಿಲ್ಲಿಸಿದ ಮೇಲೆ ಅದು ತಾನಾಗಿ ಕರಗಿದ ಉದಾಹರಣೆಗಳಿವೆ. ಆ ನಿರ್ಧಾರ ವೈದ್ಯರದು.

ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಮೂರ‍್ನಾಲ್ಕು ವಾರವಾದರೂ ಇಳಿಯದಿದ್ದರೆ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರಿದರೆ, ಕಾರಣವಿಲ್ಲದ ಜ್ವರ ಬಂದರೆ, ಆರು ತಿಂಗಳಲ್ಲಿ ಶೇ 10ರಷ್ಟು ತೂಕ ಇಳಿದರೆ ತೋರಿಸಿ. ನಮ್ಮಲ್ಲಿ ಇವೇ ಲಕ್ಷಣ ಕ್ಷಯದ್ದೂ ಆಗಿರಬಹುದು. ಸೂಜಿ ಪರೀಕ್ಷೆಯೊಂದೇ ಸಾಲದು, ಸಾಧ್ಯವಾದರೆ ಇಡೀ ಗಂಟು ತೆಗೆದು ಬಯಾಪ್ಸಿ ಮಾಡಿಸಬೇಕು. ಅದಕ್ಕೂ ಮುಂಚೆ ಸ್ಟೀರಾಯ್ಡ್ ಶುರುವಾದರೆ ಗಂಟು ಕುಗ್ಗಿ ರೋಗ ಪತ್ತೆಯೇ ತಪ್ಪಬಹುದು.

ಅಂದಹಾಗೆ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿ ಪ್ರಾಣಕ್ಕೆ ಅಪಾಯ ತಂದುಕೊಂಡವರಿದ್ದಾರೆ; ಚೀಟಿಯ ಮೇಲೆ ಯಾವ ದಿನ ಎಂದು ವಾರದ ಹೆಸರು ಬರೆಸಿಕೊಳ್ಳಿ.